ಯಾವ ಊರು ಯಾರಿಗೆ ಊರು?

ಲೋಕದ ನಕಾಶೆಗೆ ಬಣ್ಣ ಬಳಿಯುವ ಒಂದು ಪದ್ಧತಿ ಇದೆ. ಗಂಡು ಗಂಡನ್ನು, ಹೆಣ್ಣು ಹೆಣ್ಣನ್ನು ಬಯಸಿದರೆ ಯಾವ ದೇಶದಲ್ಲಿ ಜೈಲು, ಯಾವ ದೇಶದಲ್ಲಿ ನೇಣು, ಎಲ್ಲಿ ಮದುವೆಗೆ ಅವಕಾಶ ಎಂದು ಲೆಕ್ಕ ಹಾಕಿ ದೇಶಕ್ಕೊಂದು ಬಣ್ಣ ಕೊಡುತ್ತಾರೆ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು 377ನೇ ಕಲಮಿನ ಹಲ್ಲು ಕಿತ್ತಾಗ ಭಾರತದ ಬಣ್ಣ ಬದಲಾಯಿತು. ಬೀದರಿನಿಂದ ಚಾಮರಾಜನಗರದವರೆಗೆ ಒಂದೇ ಬಳಿತ.

ಈ ನಕಾಶೆ ಸುಳ್ಳು ಅಂತ ನಾನು ಹೇಳುವುದಿಲ್ಲ. ಆದರೆ ಕೇರಿಯಲ್ಲಿ ಹುಟ್ಟಿದವರಿಗೆ ನಕಾಶೆ ಮೇಲೆ ನಂಬಿಕೆ ಕಮ್ಮಿ. ತಾಲ್ಲೂಕು ಕಚೇರಿಯ ಗೋಡೆ ಮೇಲೆ ನಮ್ಮೂರು ಒಂದು ಚುಕ್ಕಿ. ಆ ಚುಕ್ಕಿಯೊಳಗೆ ಎಷ್ಟು ಊರುಗಳಿವೆ, ಯಾವ ಬಾವಿ ಯಾರದು, ಯಾವ ಓಣಿಯಲ್ಲಿ ಯಾರು ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ನಡೀಬೇಕಿತ್ತು ಅನ್ನೋದನ್ನ ಚುಕ್ಕಿ ಹೇಳುವುದಿಲ್ಲ. ಸಂವಿಧಾನದ 17ನೇ ವಿಧಿ ಜಾರಿಗೆ ಬಂದ ದಿನವೂ ದೇಶಕ್ಕೆಲ್ಲ ಒಂದೇ ಬಣ್ಣ ಬಳಿದಿತ್ತಲ್ಲ?

ಹಾಗಾಗಿ ಹಿಜ್ರಾ, ಜೋಗಪ್ಪ, ಕೋತಿ, ಸಲಿಂಗಿ ಎಂದು ಕರೆಸಿಕೊಂಡ ಜನರಿಗೆ ಯಾವ ಸೀಮೆ ಒಳ್ಳೆಯದು, ಯಾವ ಸೀಮೆ ಕೆಟ್ಟದ್ದು ಎಂಬ ಪ್ರಶ್ನೆಯನ್ನು ನಕಾಶೆಗೆ ಕೇಳುವ ಬದಲು ಚರಿತ್ರೆಗೆ ಕೇಳಬೇಕು. (ನಗರದವರು ಈಗ ಇವರಿಗೆ 'ಮಂಗಳಮುಖಿ' ಅಂತ ಹೆಸರಿಟ್ಟಿದ್ದಾರೆ. ಯಾಕೋ 'ಹರಿಜನ' ಎಂಬ ಹೆಸರು ನೆನಪಾಗುತ್ತದೆ.)

ಚರಿತ್ರೆ ಅಂದ ಕೂಡಲೇ ಒಬ್ಬ ಪಂಡಿತರು ಎದ್ದು ನಿಲ್ಲುತ್ತಾರೆ. ಇಂಗ್ಲಿಷರು ಬರುವ ಮುಂಚೆ ನಮ್ಮಲ್ಲಿ ಎಲ್ಲ ಚೆನ್ನಾಗಿತ್ತು, ಖಜುರಾಹೋ ನೋಡಿ, ಶಿಖಂಡಿ ನೋಡಿ, ಅರ್ಧನಾರೀಶ್ವರನ್ನ ನೋಡಿ ಅನ್ನುತ್ತಾರೆ. ನೋಡಿದ್ದೇವೆ ಸ್ವಾಮಿ. ಆದರೆ ಆ ಗುಡಿಯ ಕಲ್ಲು ಹೊತ್ತವನಿಗೆ ಗುಡಿಯೊಳಗೆ ಪ್ರವೇಶ ಇರಲಿಲ್ಲ. ಗೋಡೆ ಮೇಲೆ ಕೆತ್ತಿದ್ದು ಕೇರಿಯ ಮನುಷ್ಯನಿಗೆ ಅನ್ನ ಕೊಟ್ಟಿತೋ ನೀರು ಕೊಟ್ಟಿತೋ ಎಂದು ಕೇಳಿದರೆ ಪಂಡಿತರು ಕೂತುಬಿಡುತ್ತಾರೆ. ಈ ಸನಾತನದ ಸರ್ಟಿಫಿಕೇಟು ನಮಗೆ ಬೇಡ.

ದಫ್ತರಗಳಲ್ಲಿ ಸಿಗುವ ಸಾಕ್ಷಿ ಇದಕ್ಕಿಂತ ಸಣ್ಣದು, ಇದಕ್ಕಿಂತ ಗಟ್ಟಿ. ಮರಾಠರ ಆಳ್ವಿಕೆಯ ದಖನ್ನಿನಲ್ಲಿ ಹಿಜ್ರಾಗಳಿಗೆ ಭಿಕ್ಷೆ ಎತ್ತುವ ಹಕ್ಕಿನ ಸನದುಗಳಿದ್ದವು. ಕೆಲವರಿಗೆ ಇನಾಮು ಭೂಮಿಯೂ ಇತ್ತು. ಬೇಡುವುದಕ್ಕೂ ಸನದು! ಅದೇನು ದೊಡ್ಡ ಗೌರವ ಅಂತ ನಗಬಹುದು. ಆದರೆ ಸನದು ಇದ್ದವನನ್ನು ಊರಗೌಡ ಕಾರಣವಿಲ್ಲದೆ ಓಡಿಸುವಂತಿರಲಿಲ್ಲ. ಹೀನವಾದರೂ ಅದು ಹಕ್ಕು. ಹತ್ತೊಂಬತ್ತನೇ ಶತಮಾನದ ಮೊದಲರ್ಧದಲ್ಲಿ ಮುಂಬೈ ಪ್ರಾಂತ್ಯದ ಇಂಗ್ಲಿಷ್ ಸರ್ಕಾರ ಈ ಹಕ್ಕನ್ನು ಕಿತ್ತುಕೊಂಡಿತು. ಬೆಳಗಾವಿ, ಧಾರವಾಡಗಳೂ ಆಗ ಅದೇ ಪ್ರಾಂತ್ಯದ ಕೈಕೆಳಗೆ ಇದ್ದವು.

ಉತ್ತರದಲ್ಲಿ ಆದದ್ದು ಇನ್ನೂ ಘೋರ. 1852ರಲ್ಲಿ ಮೈನ್‌ಪುರಿ ಜಿಲ್ಲೆಯಲ್ಲಿ ಒಬ್ಬ ಹಿಜ್ರಾಳ ಕೊಲೆಯಾಯಿತು. ಕೊಲೆಯಾದವಳ ಪರವಾಗಿ ನಿಲ್ಲಬೇಕಾದ ಸರ್ಕಾರ ಅವಳ ಜನವನ್ನೇ ಗುಮಾನಿಯಿಂದ ನೋಡಿತು. 1862ರಲ್ಲಿ ದಂಡಸಂಹಿತೆಯ ಜೊತೆ 377ನೇ ಕಲಮು ಬಂತು. ಅದು ಸಾಲದು ಅಂತ 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆ ಬಂತು. ಈ ಕಾಯ್ದೆಯ ಹೆಸರು ನಮ್ಮ ಓದುಗರಿಗೆ ಹೊಸದಲ್ಲ. ಅಲೆಮಾರಿಗಳನ್ನು ಹುಟ್ಟಿನಿಂದಲೇ ಕಳ್ಳರು ಎಂದು ಬರೆದ ಕಾಯ್ದೆ ಇದೇ. 1911ರಲ್ಲಿ ಮದ್ರಾಸ್ ಪ್ರಾಂತ್ಯಕ್ಕೂ ಬಂದು ಕೊರಚರನ್ನು ಠಾಣೆಯಲ್ಲಿ ಹಾಜರಿ ಹಾಕಿಸಿದ ಕಾಯ್ದೆ ಇದೇ. ಆದರೆ 1871ರ ಕಾಯ್ದೆಗೆ ಎರಡು ಭಾಗಗಳಿದ್ದವು ಅನ್ನೋದನ್ನ ನಮ್ಮ ಸಭೆಗಳಲ್ಲಿ ಯಾರೂ ಹೇಳುವುದಿಲ್ಲ. ಮೊದಲ ಭಾಗ ಬುಡಕಟ್ಟುಗಳಿಗೆ. ಎರಡನೇ ಭಾಗ ಹಿಜ್ರಾಗಳಿಗೆ.

ಎರಡನೇ ಭಾಗದಲ್ಲಿ ಏನಿತ್ತು? ಹುಡುಗರನ್ನು ಕದಿಯುತ್ತಾರೆ, ಬೀಜ ಒಡೆಯುತ್ತಾರೆ, 377ರ ಅಪರಾಧ ಮಾಡುತ್ತಾರೆ ಎಂದು 'ಸಕಾರಣವಾಗಿ ಸಂಶಯ' ಬಂದವರ ಹೆಸರು ಮತ್ತು ವಾಸಸ್ಥಳವನ್ನು ಒಂದು ರಿಜಿಸ್ಟರಿನಲ್ಲಿ ಬರೆಯಬೇಕು. ಸಂಶಯ ಸಾಕು, ರುಜುವಾತು ಬೇಡ. ಹೆಸರು ಹತ್ತಿದ ಮೇಲೆ ಹೆಣ್ಣಿನ ಉಡುಪಿನಲ್ಲಿ ಬೀದಿಗೆ ಬಂದರೆ, ಸಾರ್ವಜನಿಕವಾಗಿ ಹಾಡಿ ಕುಣಿದರೆ, ದುಡ್ಡಿಗಾಗಿ ಯಾರದೋ ಮನೆಯಲ್ಲಿ ಕುಣಿದರೂ, ವಾರಂಟಿಲ್ಲದೆ ಹಿಡಿಯಬಹುದು. ಎರಡು ವರ್ಷದವರೆಗೆ ಜೈಲು. ಹದಿನಾರರೊಳಗಿನ ಹುಡುಗನನ್ನು ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ದತ್ತು ತಗೊಳ್ಳುವಂತಿಲ್ಲ, ದಾನ ಕೊಡುವಂತಿಲ್ಲ, ಉಯಿಲು ಬರೆಯುವಂತಿಲ್ಲ. ಅಂದರೆ ಸೀರೆ ಉಟ್ಟ ಈ ಜನ ತಾವಾಗಿಯೇ ಸತ್ತು, ಅವರ ಹಿಂದೆ ಯಾರೂ ಉಳಿಯದ ಹಾಗೆ ಮಾಡುವುದು ಕಾಯ್ದೆಯ ಲೆಕ್ಕಾಚಾರ.

ಈ ಕಾಯ್ದೆ ಮೊದಲು ಜಾರಿಯಾದದ್ದು ವಾಯವ್ಯ ಪ್ರಾಂತ್ಯ, ಪಂಜಾಬ್ ಮತ್ತು ಔಧಿನಲ್ಲಿ. 1880ರಲ್ಲಿ ಯಾರಾದರೂ ನಕಾಶೆಗೆ ಬಣ್ಣ ಬಳಿದಿದ್ದರೆ ಅಲಹಾಬಾದು ಕೆಟ್ಟ ಬಣ್ಣದಲ್ಲಿ, ಬಳ್ಳಾರಿ ಒಳ್ಳೆಯ ಬಣ್ಣದಲ್ಲಿ ಕಾಣುತ್ತಿತ್ತು.

ರಿಜಿಸ್ಟರು ಮಾತ್ರ ಉತ್ತರದಲ್ಲೇ ನಿಲ್ಲಲಿಲ್ಲ. ಫಸಲಿ 1329ರಲ್ಲಿ, ಅಂದರೆ 1919ರ ಸುಮಾರಿಗೆ, ನಿಜಾಮರ ಸರ್ಕಾರ ತನ್ನದೊಂದು ಹಿಜ್ರಾ ಕಾಯ್ದೆ ಮಾಡಿತು. ಅದೇ ಸಂಶಯ, ಅದೇ ರಿಜಿಸ್ಟರು, ಅದೇ ಹೆಣ್ಣುಡುಪು, ಅದೇ ಎರಡು ವರ್ಷ. ಇಂಗ್ಲಿಷರ ಕಾಯ್ದೆಯನ್ನು ಮುಂದಿಟ್ಟುಕೊಂಡು ನಕಲು ಹೊಡೆದ ಹಾಗಿದೆ. ರಿಜಿಸ್ಟರು ಹೈದರಾಬಾದ್ ಶಹರಕ್ಕೆ ಮತ್ತು 'ಸರ್ಕಾರ ಸೂಚಿಸುವ ಬೇರೆ ಯಾವುದೇ ಸ್ಥಳಕ್ಕೆ' ಎಂದು ಅದರಲ್ಲಿತ್ತು. ಬೀದರ್, ಗುಲ್ಬರ್ಗ, ರಾಯಚೂರು, ಕೊಪ್ಪಳ ಎಲ್ಲ ಆಗ ನಿಜಾಮರ ಸೀಮೆ.

ಇಲ್ಲಿ ನಮ್ಮ ಕಡೆಯ ಒಂದು ದಾರಿ ನೆನೆಸಿಕೊಳ್ಳಿ. ಹೊಸಪೇಟೆ ಕಡೆಯಿಂದ ಹುಲಿಗೆಮ್ಮನ ಜಾತ್ರೆಗೆ ಹೋಗಬೇಕಾದರೆ ತುಂಗಭದ್ರೆ ದಾಟಬೇಕು. ಈ ದಂಡೆ ಮದ್ರಾಸ್ ಪ್ರಾಂತ್ಯ, ಆ ದಂಡೆ ನಿಜಾಮ. ಈ ದಂಡೆಯಲ್ಲಿ ಸೀರೆ ಉಟ್ಟು ಜಗ ಹೊತ್ತ ಜೋಗಪ್ಪನಿಗೆ ರಿಜಿಸ್ಟರಿನ ಕಾಯ್ದೆ ಇಲ್ಲ. ನದಿ ದಾಟಿದರೆ, ಯಾವತ್ತು ಬೇಕಾದರೂ ಒಂದು ಹುಕುಂ ಹೊರಡಿಸಿ ಅವನ ಹೆಸರು ಬರೆದುಕೊಳ್ಳಬಲ್ಲ ಸರ್ಕಾರ. ನದಿ ಒಂದೇ, ದೇವಿ ಒಬ್ಬಳೇ, ಮೈಮೇಲಿನ ಸೀರೆ ಒಂದೇ. ಭಾಷೆಯೂ ಒಂದೇ.

ಜೋಗಪ್ಪನ ಮಾತು ಬಂತಲ್ಲ, ಇದನ್ನು ಬಿಡಿಸಿ ಹೇಳಬೇಕು. ಎಲ್ಲಮ್ಮ ಮೈಮೇಲೆ ಬಂದಳು ಎಂದು ಗಂಡುಹುಡುಗನಿಗೆ ಮುತ್ತು ಕಟ್ಟಿ, ಸೀರೆ ಉಡಿಸಿ, ಕೊಡ ಹೊರಿಸುವ ಪದ್ಧತಿ ಸವದತ್ತಿಯಿಂದ ಹುಲಿಗಿ, ಉಚ್ಚಂಗಿವರೆಗೆ ಇದೆ. ಮಂಗಳವಾರ, ಶುಕ್ರವಾರ ನಮ್ಮ ಕೇರಿಗೂ ಬರುತ್ತಿದ್ದರು. ಹಣೆ ತುಂಬ ಭಂಡಾರ, ಕೈಯಲ್ಲಿ ಚೌಡಿಕೆ. "ಅವ್ವ ಬಂದಾಳ, ಮರದಾಗ ಜೋಳ ತಗೊಂಬಾ" ಅಂತ ನಮ್ಮವ್ವ ಕೂಗುತ್ತಿದ್ದಳು. ಮೀಸೆ ಬೋಳಿಸಿದ ಆ ಮುಖಕ್ಕೆ ನಮ್ಮ ಕೇರಿಯಲ್ಲಿ 'ಅವ್ವ' ಅನ್ನದೆ ಬೇರೆ ಮಾತಿರಲಿಲ್ಲ. ಊರಗೌಡರ ಮನೆಯ ಹೆಂಗಸರೂ ಬಾಗಿಲಲ್ಲಿ ನಿಂತು ಕೈ ಮುಗಿಯುತ್ತಿದ್ದರು. ಅವ್ವನ ಕಾಲಿಗೆ ಬೀಳುವಾಗ ಜಾತಿ ಕೇಳುತ್ತಿರಲಿಲ್ಲ.

ಇದನ್ನು ನೋಡಿದ ಪಟ್ಟಣದ ವಿದ್ವಾಂಸರು ಎಲ್ಲಮ್ಮನ ಸೀಮೆ ಇವರನ್ನು ಒಪ್ಪಿಕೊಂಡ ಸೀಮೆ ಎಂದು ಬರೆಯುತ್ತಾರೆ. ಅರ್ಧ ನಿಜ. ಇನ್ನರ್ಧ ಬುಧವಾರ ಗೊತ್ತಾಗುತ್ತೆ. ಬುಧವಾರ ಅದೇ ಮನುಷ್ಯ ಕೂಲಿ ಕೇಳಿದರೆ ಯಾರೂ ಕರೆಯುವುದಿಲ್ಲ. ಹೊಲದ ಪಾಲು ಕೇಳಿದರೆ ಅಣ್ಣತಮ್ಮಂದಿರು 'ದೇವಿಗೆ ಬಿಟ್ಟವಗ ಹೊಲ ಯಾಕ' ಅಂತಾರೆ. ಕಾಲಿಗೆ ಬಿದ್ದ ಊರು ಹಟ್ಟಿಯೊಳಗೆ ಹಾಸಿಗೆ ಕೊಡುವುದಿಲ್ಲ. ಮತ್ತೆ, ಗಂಡು ಹೆಣ್ಣಾಗುವುದಕ್ಕೆ ಗುಡ್ಡದಲ್ಲಿ ದಾರಿ ಇದೆ. ಹೆಣ್ಣು ಗಂಡಾಗುವುದಕ್ಕೆ, ಹೆಣ್ಣು ಹೆಣ್ಣಿನ ಜೊತೆ ಬಾಳುವುದಕ್ಕೆ ಯಾವ ದೇವಿಯೂ ದಾರಿ ಮಾಡಿಲ್ಲ.

ಬಿ. ಮಂಜಮ್ಮ ಜೋಗತಿ ತಮ್ಮ ಬದುಕನ್ನು ಎಲ್ಲರ ಮುಂದೆ ಬಿಚ್ಚಿಟ್ಟಿದ್ದಾರೆ. ಹುಲಿಗಿಯಲ್ಲಿ ಮುತ್ತು ಕಟ್ಟಿಸಿದ್ದು, ಮನೆಗೆ ಬೇಡವಾದದ್ದು, ವಿಷ ಕುಡಿದದ್ದು, ಭಿಕ್ಷೆ ಬೇಡಿದ್ದು, ಮರಿಯಮ್ಮನಹಳ್ಳಿಯ ಕಾಳವ್ವ ಜೋಗತಿಯ ಹತ್ತಿರ ಕುಣಿತ ಕಲಿತದ್ದು. 2019ರಲ್ಲಿ ಅವರು ಕರ್ನಾಟಕ ಜಾನಪದ ಅಕಾಡೆಮಿಗೆ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಬಂತು. ರಾಷ್ಟ್ರಪತಿಗಳ ಮುಂದೆ ಸೆರಗಿನಿಂದ ದೃಷ್ಟಿ ತೆಗೆದ ಚಿತ್ರವನ್ನು ಇಡೀ ದೇಶ ನೋಡಿತು. ನನಗೂ ಎದೆ ತುಂಬಿತು. ಆದರೆ ಅವರನ್ನು ಉಳಿಸಿದ್ದು ದೇವಿಯೂ ಅಲ್ಲ, ಸರ್ಕಾರವೂ ಅಲ್ಲ, ಮತ್ತೊಬ್ಬ ಜೋಗತಿ. ಕಾಳವ್ವನ ತಂಡ ಸಿಗದಿದ್ದರೆ ಆ ಸೀಮೆಗೆ ನಾವು ಯಾವ ಬಣ್ಣ ಬಳಿಯುತ್ತಿದ್ದೆವು?

ಇನ್ನು ಗುಡ್ಡದ ಪಾಶವನ್ನು ನಾವು ಮರೆಯುವ ಹಾಗಿಲ್ಲ. ಮುತ್ತು ಕಟ್ಟಿಸಿಕೊಂಡವರು ಬಹುಪಾಲು ಯಾರ ಮಕ್ಕಳು? ನಮ್ಮವರು, ನಮ್ಮ ಅಕ್ಕಪಕ್ಕದ ಶೂದ್ರರು. ದೇವದಾಸಿ ನಿಷೇಧ ಕಾಯ್ದೆ 1982ರಲ್ಲಿ ಆದದ್ದು, 1986ರಲ್ಲಿ ಚಂದ್ರಗುತ್ತಿಯ ಬೆತ್ತಲೆ ಸೇವೆಯನ್ನು ದಲಿತ ಸಂಘರ್ಷ ಸಮಿತಿಯವರು ಏಟು ತಿಂದು ಎದುರಿಸಿದ್ದು ಸುಮ್ಮನೆ ಅಲ್ಲ. ದೇವಿಯ ಹೆಸರಿನಲ್ಲಿ ಸಿಗುವ ಮರ್ಯಾದೆ ದೇವಿಯ ಜೊತೆಗೇ ಇಳಿದು ಹೋಗುತ್ತದೆ.

ಅಂಬೇಡ್ಕರ್ 1948ರ ನವೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಹಳ್ಳಿಯನ್ನು ಹೊಗಳುವವರಿಗೆ ಚೆನ್ನಾಗಿ ಜಾಡಿಸಿದರು. ಅವರ ಮಾತು ನಂಬಿದ ನಮ್ಮ ಹುಡುಗರು ಪಟ್ಟಣಕ್ಕೆ ಬಂದರು. ಮನೆಯವರು ಹೊಡೆದು ಅಟ್ಟಿದ ಹಿಜ್ರಾ, ಕೋತಿ ಹುಡುಗರೂ ಅದೇ ಬಸ್ಸಿಗೆ ಬಂದು ಅದೇ ಮೆಜೆಸ್ಟಿಕ್ಕಿನಲ್ಲಿ ಇಳಿದರು.

ಬೆಂಗಳೂರು ಅವರಿಗೆ ಕೊಟ್ಟದ್ದು ಹಮಾಮು. ಬಿಸಿನೀರಿನ ಸ್ನಾನದ ಮನೆಗಳು, ನಡೆಸುವವರೂ ಹಿಜ್ರಾಗಳೇ. ಮೈ ಮಾರಿ ಬದುಕುವುದು ಅಲ್ಲೇ, ಜ್ವರ ಬಂದರೆ ಮಲಗುವುದೂ ಅಲ್ಲೇ. ತಮಿಳುನಾಡಿನಿಂದ ಬಂದ ಎ. ರೇವತಿ ಇಲ್ಲಿನ ಹಮಾಮಿನ ದಿನಗಳನ್ನೂ ಪೊಲೀಸರ ಹಿಂಸೆಯನ್ನೂ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಕನ್ನಡದಲ್ಲಿ 'ಬದುಕು ಬಯಲು' ಎಂಬ ಹೆಸರಿನಿಂದ ಬಂದಿದೆ, ನಾಟಕವೂ ಆಗಿದೆ. 2003ರಲ್ಲಿ ಪಿಯುಸಿಎಲ್ ಕರ್ನಾಟಕ ಬೆಂಗಳೂರಿನ ಹಿಜ್ರಾ, ಕೋತಿ ಲೈಂಗಿಕ ಕಾರ್ಮಿಕರ ಮೇಲೆ ನಡೆಯುವ ದೌರ್ಜನ್ಯದ ವರದಿ ಹೊರತಂದಿತು. ಲಾಕಪ್ಪು, ಬೂಟಿನ ಒದೆ, ಬಟ್ಟೆ ಬಿಚ್ಚಿಸಿ ನಗುವುದು. ಓದುತ್ತಾ ಹೋದರೆ ನಮ್ಮವರ ಲಾಕಪ್ಪಿನ ಕಥೆಗಳೇ ಓದಿದಂತೆ.

2008 ಎಂಬ ಒಂದೇ ವರ್ಷ ತಗೊಳ್ಳಿ. ಜೂನ್ ತಿಂಗಳಲ್ಲಿ ಬೆಂಗಳೂರಿನಲ್ಲಿ ಮೊದಲ ಹೆಮ್ಮೆಯ ಮೆರವಣಿಗೆ ನಡೆಯಿತು. ಅದೇ ದಿನ ದಿಲ್ಲಿಯಲ್ಲೂ ಕಲ್ಕತ್ತೆಯಲ್ಲೂ ನಡೆಯಿತು. ಬಾವುಟ, ತಮಟೆ, ಮುಖವಾಡ ಹಾಕಿಕೊಂಡವರು, ಹಾಕದವರು. ಅದೇ ವರ್ಷ ಅಕ್ಟೋಬರಿನಲ್ಲಿ ಗಿರಿನಗರದ ಪೊಲೀಸರು ಐವರು ಹಿಜ್ರಾಗಳನ್ನು ಹಿಡಿದರು. ಯಾಕೆ ಹಿಡಿದಿರಿ ಎಂದು ಕೇಳಲು ಹೋದವರನ್ನೂ ಹಿಡಿದರು. ದಾಸರಹಳ್ಳಿ ಕಡೆ ಹಿಜ್ರಾಗಳಿಗೆ ಕೊಟ್ಟ ಮನೆ ಖಾಲಿ ಮಾಡಿಸಿ ಎಂದು ಮಾಲೀಕರಿಗೆ ತಾಕೀತಾಯಿತು. ಒಂದೇ ಊರು, ನಾಲ್ಕೇ ತಿಂಗಳು. ಮೆರವಣಿಗೆಯ ಫೋಟೋ ನೋಡಿದವನು ಬೆಂಗಳೂರನ್ನು ಸ್ವರ್ಗ ಅಂದುಕೊಂಡರೆ ಅವನದೇನೂ ತಪ್ಪಿಲ್ಲ. ಕಂಪನಿಯಲ್ಲಿ ಇಂಗ್ಲಿಷ್ ಮಾತಾಡುವ ಸಲಿಂಗಿ ಹುಡುಗನಿಗೂ, ಸಿಗ್ನಲ್ಲಿನಲ್ಲಿ ಚಪ್ಪಾಳೆ ತಟ್ಟುವವಳಿಗೂ ಬೆಂಗಳೂರು ಒಂದೇ ಊರಲ್ಲ, ಅಷ್ಟೇ.

ಮುಂದಿನದು ನಂಬಲಿಕ್ಕೆ ಕಷ್ಟ. 2011ರಲ್ಲಿ ಕರ್ನಾಟಕದ ವಿಧಾನಮಂಡಲ ಪೊಲೀಸ್ ಕಾಯ್ದೆಗೆ 36ಎ ಎಂಬ ಕಲಮು ಸೇರಿಸಿತು. ಹಿಜ್ರಾಗಳ 'ಅನಪೇಕ್ಷಿತ ಚಟುವಟಿಕೆ' ತಡೆಯಲು ಪೊಲೀಸ್ ಕಮಿಷನರು ರಿಜಿಸ್ಟರು ಇಡಬಹುದು. ಹುಡುಗರನ್ನು ಕದಿಯುವ, ಬೀಜ ಒಡೆಯುವ, ಅಸಹಜ ಅಪರಾಧ ಮಾಡುವ 'ಸಕಾರಣ ಸಂಶಯ' ಇರುವವರ ಹೆಸರು ಮತ್ತು ವಾಸಸ್ಥಳ ಅದರಲ್ಲಿ ಬರೆಯಬಹುದು. 1871ರಲ್ಲಿ ಲಾಟ್ ಸಾಹೇಬರು ಬರೆದ ಸಾಲು, 1919ರಲ್ಲಿ ನಿಜಾಮರು ನಕಲು ಮಾಡಿದ ಸಾಲು, ನಮ್ಮ ಓಟಿನಿಂದ ಗೆದ್ದವರ ಕೈಯಲ್ಲಿ 2011ರಲ್ಲಿ ಮತ್ತೆ ಎದ್ದು ಕೂತಿತು. 1880ರ ನಕಾಶೆಯಲ್ಲಿ ಒಳ್ಳೆಯ ಬಣ್ಣದಲ್ಲಿದ್ದ ಸೀಮೆ ಇದು! ಇನ್ನೊಂದು ಸೂಕ್ಷ್ಮ ಗಮನಿಸಿ. ಈ ಅಧಿಕಾರ ಕಮಿಷನರಿಗೆ, ಅಂದರೆ ಬೆಂಗಳೂರು, ಮೈಸೂರು, ಹುಬ್ಬಳ್ಳಿ-ಧಾರವಾಡದಂಥ ದೊಡ್ಡ ಊರುಗಳಿಗೆ. ಹಳ್ಳಿಯ ಏಟು ತಪ್ಪಿಸಿಕೊಂಡು ಯಾವ ಊರಿಗೆ ಓಡಿಬಂದರೋ ಅದೇ ಊರಿನಲ್ಲಿ ರಿಜಿಸ್ಟರು ಕಾದು ಕೂತಿತ್ತು.

2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟು ನಾಲ್ಸಾ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟು, ತಾನು ಗಂಡೋ ಹೆಣ್ಣೋ ಮೂರನೆಯದೋ ಎಂದು ಹೇಳುವ ಹಕ್ಕು ಮನುಷ್ಯನದೇ ಎಂದಿತು. ಅದೇ ವರ್ಷ ನವೆಂಬರಿನಲ್ಲಿ ಬೆಂಗಳೂರು ಪೊಲೀಸರು ಬೀದಿಬೀದಿಯಿಂದ ನೂರೈವತ್ತಕ್ಕೂ ಹೆಚ್ಚು ಹಿಜ್ರಾಗಳನ್ನು ಎಳೆದು ವ್ಯಾನಿಗೆ ತುಂಬಿ ಬೆಗ್ಗರ್ಸ್ ಕಾಲೋನಿಗೆ ಒಯ್ದರು. ತೀರ್ಪು ದಿಲ್ಲಿಯಿಂದ ಹೊರಟು ಏಳು ತಿಂಗಳಾದರೂ ಬೆಂಗಳೂರಿನ ಠಾಣೆ ತಲುಪಿರಲಿಲ್ಲ. 36ಎ ವಿರುದ್ಧ ಲೈಂಗಿಕ ಅಲ್ಪಸಂಖ್ಯಾತರ ಸಂಘಟನೆಯವರು ಹೈಕೋರ್ಟಿಗೆ ಹೋದರು. ಮೊಕದ್ದಮೆ ನಡೆಯುತ್ತಿರುವಾಗಲೇ ಸರ್ಕಾರ 'ಹಿಜ್ರಾ' ಎಂಬರ್ಥದ ಪದ ತೆಗೆದು 'ವ್ಯಕ್ತಿ' ಎಂದು ತಿದ್ದಿತು. ಕಲಮು ಉಳಿಯಿತು, ಹೆಸರು ಹೋಯಿತು. ನಿಜಾಮರ ಕಾಯ್ದೆ ಮಾತ್ರ ತೆಲಂಗಾಣದಲ್ಲಿ ಹಾಗೇ ಇತ್ತು. 2023ರ ಜುಲೈಯಲ್ಲಿ ಅಲ್ಲಿನ ಹೈಕೋರ್ಟು ಅದನ್ನು ಸಂವಿಧಾನಬಾಹಿರ ಎಂದು ಹೊಡೆದುಹಾಕಿತು.

ಇನ್ನೊಂದು ಲೆಕ್ಕ. 1871ರಲ್ಲಿ ಹಿಜ್ರಾ ಸೀರೆ ಉಟ್ಟು ಬೀದಿಗೆ ಬಂದರೆ ಹೆಚ್ಚೆಂದರೆ ಎರಡು ವರ್ಷ ಜೈಲು. 2019ರಲ್ಲಿ ಸಂಸತ್ತು ಇವರ ರಕ್ಷಣೆಗೆಂದೇ ಮಾಡಿದ ಕಾಯ್ದೆಯಲ್ಲಿ, ಅವರ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದವನಿಗೆ ಬರೆದ ಶಿಕ್ಷೆಯೂ ಹೆಚ್ಚೆಂದರೆ ಎರಡು ವರ್ಷ. ನೂರ ನಲವತ್ತೆಂಟು ವರ್ಷದಲ್ಲಿ ಸೀರೆಯ ಬೆಲೆಯೂ ಮೈಯ ಬೆಲೆಯೂ ಸಮ ಆದವು.

ಹಾಗಾದರೆ ಸೀಮೆಯನ್ನು ಅಳೆಯೋದು ಹೇಗೆ? ನನಗೆ ಗೊತ್ತಿರೋ ಅಳತೆ ಒಂದೇ, ಬಾಡಿಗೆ ಮನೆ. ಡಿಗ್ರಿ ಮುಗಿಸಿ ಬೆಂಗಳೂರಿಗೆ ಬಂದಾಗ ಕೈಯಲ್ಲಿ ಸಂಬಳದ ಚೀಟಿ ಇತ್ತು, ಆದರೂ ಆರು ಮನೆ ತಿರುಗಿದೆ. ಬಾಗಿಲು ತೆರೆದ ತಕ್ಷಣ ನಗು, ಹೆಸರು ಕೇಳಿದ ಮೇಲೆ ಸಣ್ಣ ಮೌನ, ಆಮೇಲೆ "ನೀವು ಯಾವ ಪೈಕಿ?" ಆ ಮೌನದ ಉದ್ದವನ್ನು ಅಳೆದರೆ ಊರು ಎಂಥದ್ದು ಗೊತ್ತಾಗುತ್ತದೆ. ಇದೇ ಅಳತೆಗೋಲು ಹಿಡಿದು ಕೇರಳಕ್ಕೆ ಹೋಗೋಣ. ಟ್ರಾನ್ಸ್‌ಜೆಂಡರ್ ನೀತಿಯನ್ನು ದೇಶದಲ್ಲೇ ಮೊದಲು, 2015ರಲ್ಲಿ, ಪ್ರಕಟಿಸಿದ ರಾಜ್ಯ ಅದು. 2017ರಲ್ಲಿ ಕೊಚ್ಚಿ ಮೆಟ್ರೋ ಇಪ್ಪತ್ತಕ್ಕೂ ಹೆಚ್ಚು ಟ್ರಾನ್ಸ್‌ಜೆಂಡರ್ ಜನರಿಗೆ ಕೆಲಸ ಕೊಟ್ಟಿತು. ಪತ್ರಿಕೆಗಳು ಕುಣಿದಾಡಿದವು. ಸ್ವಲ್ಪ ದಿನದಲ್ಲೇ ಎಂಟು ಮಂದಿ ಕೆಲಸ ಬಿಟ್ಟರು. ಮನೆ ಸಿಗಲಿಲ್ಲ. ಲಾಡ್ಜಿನ ದಿನದ ಬಾಡಿಗೆ ಕಟ್ಟಿ ಆ ಸಂಬಳದಲ್ಲಿ ಬದುಕುವುದಕ್ಕೆ ಆಗಲಿಲ್ಲ. ಸರ್ಕಾರ ಕರೆದದ್ದನ್ನು ಮನೆ ಮಾಲೀಕ ಅಟ್ಟಿದ.

ತಮಿಳುನಾಡನ್ನು ಎಲ್ಲರೂ ಮೇಲ್ಪಂಕ್ತಿ ಅನ್ನುತ್ತಾರೆ. 2008ರಲ್ಲೇ ಇವರಿಗಾಗಿ ಕಲ್ಯಾಣ ಮಂಡಳಿ ಮಾಡಿದ ರಾಜ್ಯ. ಪೆರಿಯಾರರ ನೆಲ, ಇರಲಿ. ಆದರೆ ಮೀಸಲಾತಿ ಬಂದಾಗ 2015ರಲ್ಲಿ ಟ್ರಾನ್ಸ್‌ಜೆಂಡರ್ ಜನರನ್ನು ಅತಿ ಹಿಂದುಳಿದ ವರ್ಗದ ಪಟ್ಟಿಗೆ ಹಾಕಿದರು. ದಲಿತ ಹಿಜ್ರಾ ಎಲ್ಲಿ ನಿಲ್ಲಬೇಕು? ದಲಿತಳಾಗಿ ಅರ್ಜಿ ಹಾಕಬೇಕೋ, ಹಿಜ್ರಾ ಆಗಿ ಅರ್ಜಿ ಹಾಕಬೇಕೋ? ಗ್ರೇಸ್ ಬಾನು ಎಂಬ ದಲಿತ ಹೋರಾಟಗಾರ್ತಿ ಈ ಪ್ರಶ್ನೆ ಎತ್ತಿ, ಪ್ರತಿ ಜಾತಿಯ ಪಾಲಿನೊಳಗೇ ನಮ್ಮ ಪಾಲು ಕೊಡಿ ಎಂದು ಬೀದಿಯಲ್ಲೂ ಕೋರ್ಟಿನಲ್ಲೂ ಹೋರಾಡಿದರು. ಕರ್ನಾಟಕ 2021ರಲ್ಲಿ ನೇಮಕಾತಿ ನಿಯಮ ತಿದ್ದಿ ಶೇಕಡಾ 1ರಷ್ಟು ಹುದ್ದೆಗಳನ್ನು ಇದೇ ರೀತಿ ಪ್ರತಿ ವರ್ಗದೊಳಗೆ ಮೀಸಲಿಟ್ಟಿತು, ದೇಶದಲ್ಲೇ ಮೊದಲು. 36ಎ ಬರೆದ ರಾಜ್ಯವೂ ಇದೇ, ಈ ಒಂದು ಪರ್ಸೆಂಟ್ ಬರೆದ ರಾಜ್ಯವೂ ಇದೇ. ಇದಕ್ಕೆ ಒಂದು ಬಣ್ಣ ಬಳಿಯಿರಿ ನೋಡೋಣ.

ಹೆಣ್ಣುಮಕ್ಕಳ ವಿಷಯ ಇನ್ನೂ ಬೇರೆ. 2021ರಲ್ಲಿ ಮಧುರೈನ ಇಬ್ಬರು ಹುಡುಗಿಯರು ಜೊತೆಯಾಗಿ ಬಾಳಲು ಚೆನ್ನೈಗೆ ಓಡಿಬಂದರು. ಮನೆಯವರು ಹುಡುಗಿಯರು ಕಾಣೆಯಾಗಿದ್ದಾರೆ ಎಂದು ದೂರು ಕೊಟ್ಟರು. ನ್ಯಾಯಮೂರ್ತಿ ಆನಂದ್ ವೆಂಕಟೇಶ್ ತನಗೆ ಈ ವಿಷಯ ತಿಳಿಯದು ಎಂದು ತಾನೇ ಮನಶ್ಶಾಸ್ತ್ರಜ್ಞರ ಹತ್ತಿರ ಕೂತು ಕಲಿತು, ಆಮೇಲೆ ಪೊಲೀಸರ ಕೈ ಕಟ್ಟುವ ಆದೇಶ ಬರೆದರು. ನ್ಯಾಯಮೂರ್ತಿ ಕಲಿತದ್ದು ದೊಡ್ಡದು. ಆದರೆ ಹೆಣ್ಣಿಗೆ ಅಪಾಯದ ಸೀಮೆ ಯಾವುದು ಎಂದರೆ ಅವಳ ಹೊಸಿಲೇ. ಪೊಲೀಸರು ಅವಳನ್ನು ಹುಡುಕಿ ತಂದು ಒಪ್ಪಿಸುವುದು ಅಲ್ಲಿಗೇ. ಜಾತಿ ಮೀರಿ ಓಡಿಹೋದ ನಮ್ಮ ಹುಡುಗಹುಡುಗಿಯರನ್ನು ಒಪ್ಪಿಸಿದ ಹಾಗೆ.

ಈಗ ನಮ್ಮ ಮನೆಯ ಮಾತು. ನಮ್ಮ ಚಳವಳಿಯೂ ಒಂದು ಸೀಮೆ. ಇಲ್ಲಿ ಹಿಜ್ರಾಗೆ, ಜೋಗಪ್ಪನಿಗೆ ಜಾಗ ಎಷ್ಟಿದೆ? ಅಧಿಕಾರಿ ಮಾತು ಕೇಳದಿದ್ದರೆ ಅವನ ಮೇಜಿನ ಮೇಲೆ ಸೀರೆ, ಬಳೆ ಇಟ್ಟು ಬರುವ ಪ್ರತಿಭಟನೆ ಎಷ್ಟು ನಡೆದಿಲ್ಲ? ನಮ್ಮ ಎಷ್ಟು ಪದ್ಯಗಳಲ್ಲಿ ಹೇಡಿ ಸರ್ಕಾರಕ್ಕೆ 'ಷಂಡ', 'ಶಿಖಂಡಿ' ಎಂಬ ಬೈಗುಳ ಇಲ್ಲ? 'ಹೊಲೆಯ' ಅನ್ನುವುದನ್ನು ಬೈಗುಳ ಮಾಡಿದವರ ನಾಲಿಗೆ ಕೀಳುತ್ತೇವೆ ಎಂದವರು ನಾವು. ಸೀರೆ ಉಡುವುದೇ ಬದುಕಾದವಳು ಆ ಪ್ರತಿಭಟನೆಯ ಗುಂಪಿನಲ್ಲಿ ನಿಂತಿದ್ದರೆ ಅವಳ ಕಣ್ಣಿಗೆ ಆ ಮೇಜು ಹೇಗೆ ಕಂಡಿರಬೇಕು? 'ಬಾಬಾಸಾಹೇಬರಿಗೂ ಇದಕ್ಕೂ ಏನು ಸಂಬಂಧ' ಎಂದು ಕೇಳುವ ಗೆಳೆಯರಿದ್ದಾರೆ. 1934ರಲ್ಲಿ ಮುಂಬೈಯಲ್ಲಿ ರ.ಧೋ. ಕರ್ವೆಯವರ 'ಸಮಾಜ ಸ್ವಾಸ್ಥ್ಯ' ಪತ್ರಿಕೆಯ ಮೇಲೆ ಅಶ್ಲೀಲತೆಯ ಮೊಕದ್ದಮೆ ನಡೆಯಿತು. ಓದುಗರ ಲೈಂಗಿಕ ಪ್ರಶ್ನೆಗಳಿಗೆ ಉತ್ತರ ಕೊಟ್ಟದ್ದೇ ಅಪರಾಧ. ಸಲಿಂಗ ಸಂಬಂಧದ ಪ್ರಶ್ನೆಯೂ ಅದರಲ್ಲಿತ್ತು. ಕರ್ವೆ ಪರವಾಗಿ ಕರಿ ಕೋಟು ತೊಟ್ಟು ನಿಂತ ವಕೀಲರು ಅಂಬೇಡ್ಕರ್. ಕೇಸು ಸೋತರು. ನಿಲ್ಲುವುದಿಲ್ಲ ಎನ್ನಲಿಲ್ಲ.

ಒಂದು ಪರ್ಸೆಂಟಿನ ಅರ್ಜಿ ತುಂಬಲು ಕೂತವರ ಜೊತೆ ಹೋಗಿ ಕೂತು ನೋಡಿ. ಜಾತಿ ಸರ್ಟಿಫಿಕೇಟು ಬೇಕು. ಅದಕ್ಕೆ ಅಪ್ಪನ ದಾಖಲೆ ಬೇಕು, ಅಪ್ಪ ಮನೆಯಿಂದ ಅಟ್ಟಿದ್ದಾನೆ. ಶಾಲೆಯ ಟಿಸಿ ಬೇಕು, ಅದರಲ್ಲಿ ಗಂಡುಹೆಸರಿದೆ. ಗುರುತಿನ ಚೀಟಿ ಜಿಲ್ಲಾ ಮ್ಯಾಜಿಸ್ಟ್ರೇಟರ ಕಡೆಯಿಂದ ಬರಬೇಕು. ಇಷ್ಟೆಲ್ಲ ಹೊಂದಿಸಿಕೊಂಡರೂ ಅರ್ಜಿಯಲ್ಲಿ ಒಂದು ಖಾಲಿ ಗೆರೆ ಇರುತ್ತದೆ: ಹೆಸರು ಮತ್ತು ವಾಸಸ್ಥಳ. 1871ರ ರಿಜಿಸ್ಟರಿನಲ್ಲೂ ಕೇಳಿದ್ದು ಇದನ್ನೇ. ಆಗ ಜೈಲಿಗೆ ಹಾಕಲು ಕೇಳಿದರು, ಈಗ ನೌಕರಿ ಕೊಡಲು ಕೇಳುತ್ತಾರೆ. ಹೆಸರು ಬರೆದಾಯಿತು. ವಾಸಸ್ಥಳದ ಮುಂದೆ ಪೆನ್ನು ನಿಂತಿದೆ.